ಏಳು ಕೆರೆಯ ನೀರು, ಏಳು ಕಡಲಿನ ಮಾತು

ಕೊರಟಗೆರೆ ಸೀಮೆಯ ರೈತನೊಬ್ಬನ ಮಗ ಶಾಲೆಯಲ್ಲಿ ‘ಸೇವ್ ಫಾರ್ ಎ ರೈನಿ ಡೇ’ ಎಂಬ ಇಂಗ್ಲಿಷ್ ನುಡಿಗಟ್ಟನ್ನು ಕಲಿತನೆನ್ನಿ. ‘ಮಳೆಯ ದಿನಕ್ಕಾಗಿ ಕೂಡಿಡು’ ಎಂಬುದು ಅದರ ಅಕ್ಷರಾರ್ಥ; ‘ಕಷ್ಟಕಾಲಕ್ಕೆಂದು ಉಳಿಸಿಡು’ ಎಂಬುದು ಭಾವಾರ್ಥ. ಹುಡುಗನು ಮನೆಗೆ ಬಂದು ಇದನ್ನು ತಂದೆಗೆ ಒಪ್ಪಿಸಿದರೆ ಆತನು ನಕ್ಕಾನು. ಮಳೆಯ ದಿನವು ಕಷ್ಟದ ದಿನ ಹೇಗಾದೀತು? ‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂದು ಹೇಳುವ ನಾಡು ನಮ್ಮದು.

ಇಲ್ಲಿ ತಪ್ಪು ತಂದೆಯದೂ ಅಲ್ಲ, ಇಂಗ್ಲಿಷಿನದೂ ಅಲ್ಲ. ನುಡಿಗಟ್ಟು ಹುಟ್ಟುವುದು ನೆಲದಲ್ಲಿ. ನೆಲ ಬೇರೆಯಾದರೆ ಮಾತಿನ ಬಣ್ಣವೂ ಬೇರೆಯಾಗುತ್ತದೆ. ಇದನ್ನು ಅರಿಯಲು ‘ನೀರು’ ಎಂಬ ದಿನನಿತ್ಯದ ಒಂದೇ ಪದವನ್ನು ಹಿಡಿದು ನೋಡಿದರೆ ಸಾಕು.

ಒಂದೇ ಅಳತೆ, ಎರಡು ಮಳೆ

ಲಂಡನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ತುಮಕೂರು ಜಿಲ್ಲೆಯ ಸರಾಸರಿ ಮಳೆಯೂ ಹೆಚ್ಚುಕಡಿಮೆ ಅಷ್ಟೇ, 600ರಿಂದ 700 ಮಿಲಿಮೀಟರು! ಆದರೆ ಅಲ್ಲಿ ಅದು ಹನ್ನೆರಡು ತಿಂಗಳೂ ಹನಿಹನಿಯಾಗಿ ಬೀಳುತ್ತದೆ. ಬಿಸಿಲು ಕಂಡರೆ ಜನರಿಗೆ ಹಬ್ಬ. ಇಲ್ಲಿ ಅದರ ಬಹುಪಾಲು ಜೂನಿನಿಂದ ಅಕ್ಟೋಬರಿನೊಳಗೆ ಬಂದು ಹೋಗುತ್ತದೆ. ಉಳಿದ ದಿನಗಳಲ್ಲಿ ಆಕಾಶ ನೋಡುವುದೇ ಕೆಲಸ. ಆದ್ದರಿಂದಲೇ ಆಂಗ್ಲರಿಗೆ ಮಳೆಯ ದಿನವು ಬೇಸರದ ದಿನ, ನಮಗೆ ಅದು ಬದುಕಿನ ದಿನ.

ಶೀತದೇಶದವರಿಗೆ ಬಿಸಿಯೇ ಪ್ರೀತಿ. ಆದರದ ಸ್ವಾಗತಕ್ಕೆ ಅವರು ‘ವಾರ್ಮ್ ವೆಲ್‌ಕಮ್’ ಎನ್ನುತ್ತಾರೆ. ನಮ್ಮ ಅಜ್ಜಿಯರು ಹರಸುವುದು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು. ಆದರೆ ‘ಇನ್ ಹಾಟ್ ವಾಟರ್’ ಎಂದರೆ ಅವರಲ್ಲಿ ಪೇಚಿಗೆ ಸಿಕ್ಕುವುದು. ಇದನ್ನು ಪದಕ್ಕೆ ಪದವಿಟ್ಟು ‘ಬಿಸಿನೀರಿನಲ್ಲಿ ಸಿಕ್ಕಿಕೊಂಡರು’ ಎಂದು ಬರೆದರೆ ಕನ್ನಡಿಗನಿಗೆ ಏನು ತಿಳಿಯಬೇಕು? ನಮ್ಮ ಮನೆಗಳಲ್ಲಿ ಬಿಸಿನೀರೆಂದರೆ ಎಣ್ಣೆಸ್ನಾನ, ಬಾಣಂತಿಯ ಆರೈಕೆ. ದೀಪಾವಳಿಯಲ್ಲಿ ಹಂಡೆಗೆ ನೀರು ತುಂಬುವುದೇ ಒಂದು ಹಬ್ಬ. ಅಂತಹ ಬಿಸಿನೀರಿನಲ್ಲಿ ಸಿಕ್ಕಿಕೊಂಡವನು ಭಾಗ್ಯವಂತನಲ್ಲವೇ!

ಕಡಲಿನವರು, ಕೆರೆಯವರು

ಬ್ರಿಟನ್ ಸುತ್ತಲೂ ಕಡಲಿರುವ ದ್ವೀಪ. ಅಲ್ಪವಾದುದಕ್ಕೆ ಅವರು ‘ಸಾಗರದಲ್ಲಿ ಒಂದು ಹನಿ’ ಎನ್ನುತ್ತಾರೆ. ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾಗಳ ಜನರಿಗೆ ಕಡಲು ಬಹುದೂರ. ಅವರು ‘ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂದು ಹೇಳಿ ಅದೇ ಅರ್ಥವನ್ನು ಇನ್ನೂ ರುಚಿಯಾಗಿ ಮುಟ್ಟಿಸುತ್ತಾರೆ. ಮಾಡಿದ ಕೆಲಸ ವ್ಯರ್ಥವಾಯಿತೆನ್ನಲು ‘ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ’ ಎನ್ನುತ್ತಾರೆ. ತುಮಕೂರು ಸೀಮೆಯಲ್ಲಿ ಹುಣಸೆಯ ಬೆಲೆಯನ್ನು ಬಲ್ಲವರಿಗೆ ಆ ನಷ್ಟದ ಆಳವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬುದ್ಧಿವಾದವು ನಾಟದಿದ್ದಾಗ ಇಂಗ್ಲಿಷಿನವರಿಗೆ ಬಾತುಕೋಳಿಯ ಬೆನ್ನಿನಿಂದ ಜಾರುವ ನೀರು ನೆನಪಾಗುತ್ತದೆ. ನಮ್ಮವರದು ‘ಗೋರ್ಕಲ್ಲ ಮೇಲೆ ಮಳೆ ಸುರಿದಂತೆ’. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆಯೋ ಚನ್ನರಾಯನದುರ್ಗದ ಬಂಡೆಗಳ ಮೇಲೆಯೋ ಮಳೆ ಸುರಿದು, ಒಂದು ಗಳಿಗೆಯಲ್ಲಿ ಜಾರಿ, ಕಲ್ಲು ಮತ್ತೆ ಒಣಗಿ ನಿಲ್ಲುವುದನ್ನು ಕಂಡವರಿಗೆ ಬಾತುಕೋಳಿಯ ಹಂಗು ಬೇಕಿಲ್ಲ.

ಕಳೆದುಹೋದುದಕ್ಕೆ ಚಿಂತಿಸಬಾರದೆನ್ನಲು ಅವರು ‘ಸೇತುವೆಯ ಕೆಳಗಿನ ನೀರು’ ಎನ್ನುತ್ತಾರೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ದಡದಲ್ಲಿ ಈ ಮಾತು ಅಷ್ಟಾಗಿ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಸೇತುವೆಯ ಕೆಳಗೆ ಇರುವುದು ಮರಳು! ನದಿ ಎಂದಾದರೊಮ್ಮೆ ಕಟ್ಟೆ ಮೀರಿ ಬಂದರೆ ಜನರು ಅದನ್ನು ಮರೆಯುವುದಿಲ್ಲ, ವರ್ಷಗಟ್ಟಲೆ ನೆನೆಯುತ್ತಾರೆ.

ನೀರು ಕುಡಿಸುವ ಕನ್ನಡ

ಇನ್ನು ನಮ್ಮ ಬೊಕ್ಕಸವನ್ನು ನೋಡೋಣ. ‘ಏಳು ಕೆರೆ ನೀರು ಕುಡಿದವನು’ ಎಂದರೆ ಲೋಕಾನುಭವಿ, ಪಳಗಿದವನು. ಅದೇ ನೀರನ್ನು ಇನ್ನೊಬ್ಬನಿಗೆ ‘ಕುಡಿಸಿದರೆ’ ಅವನನ್ನು ಹಣ್ಣುಗಾಯಿ ಮಾಡಿದಂತೆ. ಕುಡಿದರೆ ಜಾಣತನ, ಕುಡಿಸಿದರೆ ಪೀಡನೆ! ಕೈಬಿಟ್ಟ ಆಸೆಗೆ ‘ಎಳ್ಳುನೀರು ಬಿಟ್ಟೆ’ ಎನ್ನುತ್ತೇವೆ. ಇದು ಸತ್ತವರಿಗೆ ತರ್ಪಣ ಕೊಡುವ ವಿಧಿಯಿಂದ ಬಂದ ಮಾತಾದುದರಿಂದ ಅದರಲ್ಲಿ ಒಂದು ದುಃಖವೂ ಉಂಟು. ಹೊಸ ಹೆಣ್ಣು ‘ನಾಚಿ ನೀರಾಗುತ್ತಾಳೆ’; ಕಲ್ಲುಮನಸ್ಸೂ ‘ಕರಗಿ ನೀರಾಗುತ್ತದೆ’. ಇಂಗ್ಲಿಷಿನಲ್ಲಿ ಒಂದು ವಿಚಾರಕ್ಕೆ ‘ವಾಟರ್ ಡೌನ್’ ಮಾಡುವುದೆಂದರೆ ಅದರ ಸತ್ವಗೆಡಿಸುವುದು. ಕನ್ನಡದಲ್ಲಿ ಒಂದು ಸಂಸ್ಥೆಗೋ ಕಲೆಗೋ ‘ನೀರೆರೆಯುವುದು’ ಎಂದರೆ ಅದನ್ನು ಪೋಷಿಸಿ ಬೆಳೆಸುವುದು.

ಎರಡು ಭಾಷೆಗಳೂ ಕೈಕೈ ಹಿಡಿಯುವ ಕಡೆಗಳೂ ಇಲ್ಲದಿಲ್ಲ. ಒಳ್ಳೆಯ ಅಡುಗೆಯ ವಾಸನೆಗೆ ಎಲ್ಲರ ಬಾಯಲ್ಲಿಯೂ ನೀರೂರುತ್ತದೆ. ದುಂದುಗಾರನು ಎಲ್ಲಿದ್ದರೂ ಹಣವನ್ನು ನೀರಿನಂತೆ ಚೆಲ್ಲುತ್ತಾನೆ. ಆದರೆ ಹೋಲಿಕೆಯಲ್ಲಿಯೂ ಎಚ್ಚರ ಬೇಕು. ನೀರಿನಿಂದ ಹೊರಬಂದ ಮೀನು ಇಂಗ್ಲಿಷಿನಲ್ಲಿ ಅಪರಿಚಿತರ ನಡುವೆ ಮುಜುಗರಪಡುವವನು. ಕನ್ನಡದಲ್ಲಿ ಅದು ಪ್ರಾಣಸಂಕಟದಿಂದ ಚಡಪಡಿಸುವ ಜೀವ.

ಉಳಿಯಬೇಕಾದ ಬುತ್ತಿ

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ತೆರೆದರೆ, ಪದಗಳೊಂದಿಗೆ ಅವುಗಳ ಬಳಕೆಯೂ ಗಾದೆಗಳೂ ದೊರೆಯುತ್ತವೆ. ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ಪದವನ್ನು ಅದರ ಸಂಸಾರದೊಡನೆ ಅರಿಯಬೇಕೆಂದು ಬಗೆದರು. ಇಂದು ನಮ್ಮ ಮಕ್ಕಳು ಪರೀಕ್ಷೆಗಾಗಿ ಇಂಗ್ಲಿಷ್ ನುಡಿಗಟ್ಟುಗಳನ್ನು ಪಟ್ಟಿಯಾಗಿ ಉರು ಹೊಡೆಯುತ್ತಾರೆ. ಅದು ಬೇಡವೆನ್ನುವುದಲ್ಲ, ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ‘ಎಳ್ಳುನೀರು ಬಿಟ್ಟೆ’ ಎಂದು ಅಜ್ಜಿ ನಿಟ್ಟುಸಿರಿಟ್ಟಾಗ ಮೊಮ್ಮಗನು ‘ಯಾವ ನೀರು?’ ಎಂದು ಕೇಳುವಂತಾದರೆ, ಒಂದೇ ಮನೆಯಲ್ಲಿ ಎರಡು ದೇಶಗಳಾದಂತೆ.

ಇನ್ನೊಂದು ಮಾತು. ‘ನೀರು ಕುಡಿದಷ್ಟು ಸುಲಭ’ ಎಂದು ನಾವು ಸಲೀಸಾಗಿ ಆಡುತ್ತೇವೆ. ಆದರೆ ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ, ಹಲ್ಲು ಮೂಳೆಗಳು ಕೆಟ್ಟವರಿದ್ದಾರೆ. ಅಂತಹವರ ಮುಂದೆ ಈ ಗಾದೆ ತಲೆತಗ್ಗಿಸಬೇಕು. ಕೆರೆಗಳು ಹೂಳು ತುಂಬಿ, ಬಾವಿಗಳು ಬತ್ತಿ, ಮನೆಯ ಬಾಗಿಲಿಗೆ ಡಬ್ಬಿಯಲ್ಲಿ ನೀರು ಬರುವ ಕಾಲದಲ್ಲಿ ‘ಏಳು ಕೆರೆ ನೀರು’ ಎಂಬುದಕ್ಕೆ ಮಕ್ಕಳು ಅರ್ಥ ಹುಡುಕುವುದಾದರೂ ಎಲ್ಲಿ? ಕೆರೆ ಉಳಿದರೆ ಮಾತೂ ಉಳಿದೀತು.

ಅಷ್ಟರವರೆಗೆ ಮನೆಯಲ್ಲಿ ಒಂದು ಸಣ್ಣ ಆಟವಾಡಬಹುದು. ರಾತ್ರಿ ಊಟಕ್ಕೆ ಕುಳಿತಾಗ ಮಗು ಶಾಲೆಯಿಂದ ತಂದ ಒಂದು ಇಂಗ್ಲಿಷ್ ನುಡಿಗಟ್ಟನ್ನು ಹೇಳಲಿ; ಅದಕ್ಕೆ ಸರಿಯಾದ ಕನ್ನಡದ ಮಾತನ್ನು ಹಿರಿಯರು ಹುಡುಕಿಕೊಡಲಿ. ಒಂದು ದಿನ ಮಗು ಗೆಲ್ಲಲಿ, ಇನ್ನೊಂದು ದಿನ ಅಜ್ಜಿ ಗೆಲ್ಲಲಿ. ಖರ್ಚಿಲ್ಲದ ಆಟ, ಆದರೆ ಎರಡು ನುಡಿಗಳಿಗೂ ನೀರೆರೆದ ಪುಣ್ಯ ಮನೆಮಂದಿಗೆಲ್ಲ.