ವಾಚ್ ಬದಲಾಯ್ತು, ಅಪ್ಪನ ಹೆಜ್ಜೆಗಳೆಲ್ಲಿ?

ಮೈಸೂರಿನ ಒಂದು ಆಸ್ಪತ್ರೆ. ಡಾಕ್ಟರು ಅಪ್ಪನ ಮಣಿಕಟ್ಟು ನೋಡಿ ನಕ್ಕರು. "ಪರವಾಗಿಲ್ವೇ ಯಜಮಾನ್ರೇ, ಸ್ಮಾರ್ಟ್‌ವಾಚ್ ಕಟ್ಟಿದೀರಿ. ಎಷ್ಟು ವರ್ಷದಿಂದ?"

"ಮೂರು ವರ್ಷದ ಮೇಲಾಯ್ತು ಸಾರ್" ಅಂದರು ಅಪ್ಪ.

"ಒಳ್ಳೇದೇ ಆಯ್ತು. ಸುಮ್ಮನೆ ಕೂತಾಗ ಹಾರ್ಟ್ ರೇಟ್ ಮೊದಲು ಎಷ್ಟಿರ್ತಿತ್ತು, ವಾಕಿಂಗ್ ಯಾವಾಗಿಂದ ಕಮ್ಮಿ ಆಗಿದೆ, ಸ್ವಲ್ಪ ತೋರಿಸಿ."

ಅಪ್ಪ ನನ್ನ ಮುಖ ನೋಡಿದರು. ನಾನು ಮೊಬೈಲ್ ತೆಗೆದೆ. ಗ್ರಾಫ್ ಹಿಂದಕ್ಕೆ ಸರಿಸ್ತಾ ಹೋದೆ. ಐದು ತಿಂಗಳ ಲೆಕ್ಕ ಇತ್ತು. ಅದರ ಹಿಂದೆ ಬಟ್ಟಬಯಲು! ಐದು ತಿಂಗಳ ಹಿಂದೆ ಏನಾಗಿತ್ತು ಅಂದ್ರೆ, ಮಗ ಅನ್ನಿಸಿಕೊಂಡ ನಾನು ಪ್ರೀತಿಯಿಂದ ಬೇರೆ ಕಂಪನಿಯ ಹೊಸ ವಾಚ್ ಕೊಡಿಸಿದ್ದೆ. ಜೊತೆಗೆ ಹೊಸ ಫೋನು. ಹಳೇ ಫೋನನ್ನು ಅಂಗಡಿಯವನು ಎಕ್ಸ್‌ಚೇಂಜ್‌ಗೆ ತಗೊಂಡ. ಎಲ್ಲಾ ಅಳಿಸಿಯೇ ತಗೊಂಡ, ಅಳಿಸಿಕೊಟ್ಟವನೂ ನಾನೇ. ಅದಕ್ಕೆ ಮೊದಲು ಎರಡೂ ಆ್ಯಪ್‌ಗಳನ್ನು ಜೋಡಿಸಿದ್ದೆ. ಪರದೆ ಮೇಲೆ ಹಸಿರು ಟಿಕ್ ಬಂದಿತ್ತು. ಸಿಂಕ್ ಆಯ್ತು ಅಂತ ಬೆನ್ನು ತಟ್ಟಿಕೊಂಡಿದ್ದೆ. ಜೋಡಿಸಿದ ದಿನದಿಂದ ಈಚಿನದ್ದು ಬಂದಿತ್ತು. ಮೂರು ವರ್ಷದ ಹಳೇದು ಬಂದಿರಲಿಲ್ಲ. ಬಂತೋ ಇಲ್ವೋ ಅಂತ ನಾನು ನೋಡಿರಲೂ ಇಲ್ಲ.

ಬಿಇ ಓದಿದವನು ಸ್ವಾಮಿ ನಾನು. ದಿನಾ ರಾತ್ರಿ ಟಿವಿಯಲ್ಲಿ ಕೂತು ನಿಮಗೆಲ್ಲ "ಹುಷಾರಾಗಿರಿ" ಅಂತ ಹೇಳೋನು!

ಡಾಕ್ಟರು ವಾಚನ್ನು ನಂಬಿ ಕೂತಿರಲಿಲ್ಲ, ಅದು ಬೇರೆ ಮಾತು. ಇಸಿಜಿ, ಎಕೋ ಎಲ್ಲ ಮಾಡಿಸಿ ಮಾತ್ರೆ ಬದಲಿಸಿದರು. ಅಪ್ಪ ಈಗ ಆರಾಮಾಗಿದ್ದಾರೆ. ಆದರೆ ಆ ದಿನ ಅವರು ಕೇಳಿದ್ದು ಒಂದು ಸರಳ ಪ್ರಶ್ನೆ: ಈ ಮನುಷ್ಯ ಯಾವಾಗಿಂದ ನಿಧಾನ ಆದ? ಅದಕ್ಕೆ ಉತ್ತರ ಇತ್ತು. ದಿನದ ಲೆಕ್ಕ, ಗಂಟೆ ಲೆಕ್ಕ ಇತ್ತು. ಆದರೆ ನಮ್ಮ ಕೈಯಲ್ಲಿರಲಿಲ್ಲ.

ತೊಣ್ಣೂರು ಕೆರೆ ನೋಡಿದವರಿಗೆ ಗೊತ್ತು. ಗುಡ್ಡಗಳ ನಡುವೆ ಕಟ್ಟಿದ ಏರಿ, ಒಂದು ಕಡೆ ತಿಳಿನೀರು, ಇನ್ನೊಂದು ಕಡೆ ಗದ್ದೆ. ಅಪ್ಪ ದಿನಾ ಬೆಳಿಗ್ಗೆ ನಂಬಿನಾರಾಯಣನ ಗುಡಿ ಕಡೆಯಿಂದ ಹೊರಟು ಏರಿ ಮೇಲೆ ಹೋಗಿ ಬರ್ತಾರೆ. ಆಸ್ಪತ್ರೆಯಿಂದ ಬರುವಾಗ ಕಾರಲ್ಲಿ ಅವರು ಕೇಳಿದ ಮಾತು ನನಗೆ ಇನ್ನೂ ಕುಟುಕ್ತಾ ಇದೆ. "ಅಲ್ಲ ಕಣ್ಲಾ, ನಾನು ನಡ್ದಿದ್ದು ನಮ್ಮೂರ ಕೆರೆ ಏರಿ ಮೇಲೆ. ಲೆಕ್ಕ ಹೋಗಿ ಎಲ್ಲೋ ಕೂತದೆ ಅಂತೀಯಲ್ಲ, ಅದೆಂಗ್ಲಾ?"

ಅದು ಹೆಂಗೆ ಅಂತ ಇವತ್ತು ಹೇಳ್ತೀನಿ.

ವಾಚ್ ಒಳಗೆ ಒಂದು ಪುಟ್ಟ ಸೆನ್ಸರ್ ಇರುತ್ತೆ. ಕೈ ಬೀಸಿದ ಅಲುಗಾಟ ನೋಡಿ ಹೆಜ್ಜೆ ಎಣಿಸುತ್ತೆ. ಹಿಂಬದಿಯ ಹಸಿರು ದೀಪ ಚರ್ಮದ ಮೇಲೆ ಬಿದ್ದು ವಾಪಸ್ ಬರುವಾಗ ರಕ್ತ ಹರಿಯೋ ಏರಿಳಿತಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಆಗುತ್ತೆ, ಅದರಿಂದ ಹೃದಯ ಬಡಿತ. ಈ ಲೆಕ್ಕ ವಾಚಲ್ಲಿ ಕೆಲವು ದಿನ ಮಾತ್ರ ಇರುತ್ತೆ. ಬ್ಲೂಟೂತ್‌ನಲ್ಲಿ ಫೋನಿನ ಆ್ಯಪ್‌ಗೆ ಬರುತ್ತೆ. ಅಲ್ಲಿಂದ ಸಾಮಾನ್ಯವಾಗಿ ಕಂಪನಿಯ ಸರ್ವರ್‌ಗೆ ಹೋಗುತ್ತೆ. ಪೂರ್ತಿ ಇತಿಹಾಸ ಇರೋದು ಅಲ್ಲಿ. ನಿಮ್ಮ ಕೈಲಿರೋದು ಆ ಮನೆಯ ಕಿಟಕಿ ಅಷ್ಟೇ. ಕಿಟಕಿ ಬದಲಿಸಿದರೆ ಮನೆ ಜೊತೆಗೆ ಬರುತ್ತಾ?

ಬೇರೆ ಬೇರೆ ಕಂಪನಿಯ ಲೆಕ್ಕ ಒಂದು ಕಡೆ ಸೇರಲಿ ಅಂತ ಮಧ್ಯದಲ್ಲಿ ಒಂದು ಕಣಜ ಮಾಡಿದ್ದಾರೆ. ಐಫೋನ್‌ನಲ್ಲಿ 2014ರಿಂದ ಆಪಲ್ ಹೆಲ್ತ್. ಆಂಡ್ರಾಯ್ಡ್‌ನಲ್ಲಿ ಅದೇ ವರ್ಷ ಗೂಗಲ್ ಫಿಟ್ ಬಂತು. ಆಮೇಲೆ ಗೂಗಲ್, ಸ್ಯಾಮ್ಸಂಗ್ ಸೇರಿಕೊಂಡು 2022ರಲ್ಲಿ ಹೆಲ್ತ್ ಕನೆಕ್ಟ್ ಅನ್ನೋದನ್ನು ತಂದವು, ಆಂಡ್ರಾಯ್ಡ್ 14ರಿಂದ ಅದು ಫೋನಿನ ಒಳಗೇ ಇದೆ. ಒಂದು ಆ್ಯಪ್ ಇದರಲ್ಲಿ ಬರೆಯುತ್ತೆ, ಇನ್ನೊಂದು ಇದರಿಂದ ಓದುತ್ತೆ. ಓದೋದಕ್ಕೆ ಬೇರೆ ಅನುಮತಿ, ಬರೆಯೋದಕ್ಕೆ ಬೇರೆ ಅನುಮತಿ. ಹೆಜ್ಜೆಗೆ ಬೇರೆ, ನಿದ್ದೆಗೆ ಬೇರೆ. ಸಿಂಕ್ ಆಗ್ತಿಲ್ಲ ಅಂತ ಒದ್ದಾಡೋರು ಮೊದಲು ನೋಡಬೇಕಾದ್ದು ಇದನ್ನೇ. ಯಾವುದೋ ಒಂದು ಬಟನ್ ಆಫ್ ಇರುತ್ತೆ.

ಆದರೆ ಎಲ್ಲಾ ಬಟನ್ ಆನ್ ಮಾಡಿದ್ರೂ ಮುಗೀಲಿಲ್ಲ. ಹೆಲ್ತ್ ಕನೆಕ್ಟ್‌ನಲ್ಲಿ ಹೊಸ ಆ್ಯಪ್‌ಗೆ ಅನುಮತಿ ಕೊಟ್ಟರೆ ಅದು ಸಾಮಾನ್ಯವಾಗಿ ಹಿಂದಿನ 30 ದಿನಗಳ ಲೆಕ್ಕವನ್ನಷ್ಟೇ ಓದಬಹುದು. ಅದಕ್ಕಿಂತ ಹಳೇದಕ್ಕೆ ಆ್ಯಪ್ ಇನ್ನೊಂದು ವಿಶೇಷ ಅನುಮತಿ ಕೇಳಬೇಕು. ಇದು ಮೋಸ ಅಲ್ಲ. ನಿನ್ನೆ ಮೊನ್ನೆ ಹಾಕಿಕೊಂಡ ಆ್ಯಪ್ ನಿಮ್ಮ ವರ್ಷಗಳ ಆರೋಗ್ಯ ಎಲ್ಲ ಹೀರಬಾರದು ಅನ್ನೋ ಕಾಳಜಿ. ಸರಿಯಾದ ಕಾಳಜಿಯೇ. ಆದರೆ ಹಸಿರು ಟಿಕ್ ಅಂದ್ರೆ "ಇನ್ನು ಮುಂದೆ ಬರುತ್ತೆ" ಅಂತ ಅರ್ಥ, "ಹಿಂದಿನದೆಲ್ಲ ಬಂತು" ಅಂತಲ್ಲ. ಈ ವ್ಯತ್ಯಾಸವನ್ನು ಯಾವ ಬಾಕ್ಸ್ ಮೇಲೂ ದೊಡ್ಡ ಅಕ್ಷರದಲ್ಲಿ ಬರೆದಿರೋದಿಲ್ಲ.

ಹೆಲ್ತ್ ಕನೆಕ್ಟ್ ಬಗ್ಗೆ ಇನ್ನೊಂದು ಮಾತು. ಅದರ ಕಣಜ ಇರೋದು ನಿಮ್ಮ ಫೋನಿನಲ್ಲೇ. ಹಾಗಾಗಿ ಫೋನ್ ಮಾರುವ ಮೊದಲು ಅದನ್ನು ಬ್ಯಾಕಪ್ ಮಾಡ್ಕೊಳಿ.

ಇನ್ನು ಲೆಕ್ಕ ಬಂದ ಮೇಲೆ ಅದು ಅದೇ ಲೆಕ್ಕವಾ ಅನ್ನೋದು ಬೇರೆ ಕತೆ. ಆಸ್ಪತ್ರೆ ಘಟನೆ ಆದಮೇಲೆ ಒಂದು ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಎರಡೂ ಕೈಗೆ ಎರಡು ವಾಚ್ ಕಟ್ಟಿ ಏರಿ ಮೇಲೆ ನಡೆಸಿದೆ. ಎಡಗೈಯದು 5,230 ಅಂತು. ಬಲಗೈಯದು 4,812. ಬಲಗೈಲಿ ಅಪ್ಪ ಕೊಡೆ ಊರಿಕೊಂಡು ನಡೀತಾರೆ, ಕೈ ಬೀಸಲ್ಲ, ವಾಚ್‌ಗೆ ಹೆಜ್ಜೆ ತಪ್ಪಿಹೋಗುತ್ತೆ. ಸರಿ. ಮನೆಗೆ ಬಂದು ಒಂದು ಆ್ಯಪ್ ತೆರೆದರೆ ಒಟ್ಟು 10,042! ಎರಡನ್ನೂ ಕೂಡಿಸಿಬಿಟ್ಟಿತ್ತು. ಅಪ್ಪನಿಗೆ ಖುಷಿಯೋ ಖುಷಿ. "ಇನ್ಮೇಲೆ ಎಲ್ಡೂ ಕಟ್ಕೊಂಡೇ ಹೋಯ್ತೀನಿ ಬುಡು."

ಈ ಡಬಲ್ ಲೆಕ್ಕ ಎಷ್ಟೋ ಜನರಿಗೆ ಆಗ್ತಿದೆ, ಗೊತ್ತಾಗ್ತಿಲ್ಲ ಅಷ್ಟೇ. ಯಾಕಂದ್ರೆ ಜೇಬಲ್ಲಿರೋ ಫೋನ್ ಕೂಡ ಹೆಜ್ಜೆ ಎಣಿಸುತ್ತೆ. ಆಪಲ್ ಹೆಲ್ತ್, ಹೆಲ್ತ್ ಕನೆಕ್ಟ್ ಎರಡರಲ್ಲೂ ಯಾವ ಮೂಲಕ್ಕೆ ಮೊದಲ ಆದ್ಯತೆ ಅಂತ ಹೇಳೋ ಸೆಟ್ಟಿಂಗ್ ಇದೆ. ವಾಚನ್ನು ಮೇಲಿಡಿ, ಫೋನನ್ನು ಕೆಳಗಿಡಿ. ಇನ್ನೊಂದು ತಪ್ಪು: ಒಂದೇ ಎರಡು ಆ್ಯಪ್‌ಗಳನ್ನು ಎರಡು ದಾರಿಯಲ್ಲಿ ಜೋಡಿಸೋದು, ಕಣಜದ ಮೂಲಕ ಒಮ್ಮೆ, ನೇರವಾಗಿ ಇನ್ನೊಮ್ಮೆ. ಆಗ ಒಂದೇ ಓಟ ಎರಡು ಸಲ ಬಂದು ಕೂರುತ್ತೆ. ಒಂದೇ ದಾರಿ ಇಟ್ಕೊಳಿ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಹೆಸರಿನದ್ದು. ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಪಾಂಡವಪುರ ಹಿಂದೆ ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡು ಬಿಟ್ಟಿದ್ದಕ್ಕೆ ಇಂಗ್ಲಿಷರ ಕಾಗದಗಳಲ್ಲಿ ಅದೇ ಊರು ಫ್ರೆಂಚ್ ರಾಕ್ಸ್. ತೊಣ್ಣೂರು ಶಾಸನಗಳಲ್ಲಿ ತೊಂಡನೂರು. ಕೆರೆಗೆ ಮೋತಿ ತಲಾಬ್ ಅಂತ ಇನ್ನೊಂದು ಹೆಸರು. ಗೊತ್ತಿಲ್ಲದ ಗುಮಾಸ್ತ ಈ ದಾಖಲೆಗಳನ್ನೆಲ್ಲ ಮುಂದಿಟ್ಟುಕೊಂಡರೆ ಒಂದೇ ಊರನ್ನು ಮೂರು ಊರು ಅಂತ ಬರೀತಾನೆ. ಎರಡು ಕಂಪನಿಗಳ ಲೆಕ್ಕ ಸೇರಿಸುವ ಸಾಫ್ಟ್‌ವೇರ್ ಅಂಥ ಗುಮಾಸ್ತ.

ಉಲ್ಟಾನೂ ಇದೆ. ಹೆಸರು ಒಂದೇ, ವಸ್ತು ಬೇರೆ. ರಾಂಪುರದ ಪಹಣಿ ತಂದು ಇನ್ನೊಂದು ತಾಲೂಕಿನ ರಾಂಪುರದ ಜಮೀನಿಗೆ ಹಚ್ಚಿದ ಹಾಗೆ. ಎಚ್‌ಆರ್‌ವಿ ಅಂತ ಒಂದು ಅಳತೆ ಇದೆ, ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವಿನ ಸಮಯ ಎಷ್ಟು ಏರುಪೇರಾಗುತ್ತೆ ಅನ್ನೋದು. ಆಪಲ್ ತೋರಿಸೋದು ಎಸ್‌ಡಿಎನ್‌ಎನ್ ಅನ್ನೋ ಸೂತ್ರದ ಉತ್ತರ. ಫಿಟ್‌ಬಿಟ್ ತೋರಿಸೋದು ಆರ್‌ಎಂಎಸ್‌ಎಸ್‌ಡಿ ಸೂತ್ರದ್ದು. ಎರಡನ್ನೂ ಎಚ್‌ಆರ್‌ವಿ ಅಂತಲೇ ಕರೀತಾರೆ. ವಾಚ್ ಬದಲಿಸಿದ ಮಾರನೇ ದಿನ ಸಂಖ್ಯೆ ದಢಕ್ಕನೆ ಬದಲಾದರೆ ಗಾಬರಿ ಬೀಳಬೇಡಿ. ಬದಲಾಗಿದ್ದು ನಿಮ್ಮ ಹೃದಯ ಅಲ್ಲ, ಸೂತ್ರ ಇರಬಹುದು. ಕ್ಯಾಲೊರಿಯೂ ಹಾಗೆಯೇ. ನಡೆದಾಗ ಸುಟ್ಟಿದ್ದು ಮಾತ್ರ ಒಂದು ಕಡೆ, ಸುಮ್ಮನೆ ಮಲಗಿದ್ದಾಗ ದೇಹ ಖರ್ಚು ಮಾಡಿದ್ದೂ ಸೇರಿ ಇನ್ನೊಂದು ಕಡೆ. ಇನ್ನು ನಿದ್ದೆಗೆ ನೂರಕ್ಕೆ ಇಷ್ಟು, ದೇಹದ ಶಕ್ತಿಗೆ ನೂರಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡ್ತಾವಲ್ಲ, ಅವು ಆಯಾ ಕಂಪನಿಯ ಮನೆಮದ್ದು. ಸಾಮಾನ್ಯವಾಗಿ ಅವು ಗಡಿ ದಾಟೋದೇ ಇಲ್ಲ.

ಹಾಗಾದ್ರೆ ಎಲ್ಲರೂ ಒಂದೇ ಭಾಷೆ ಮಾತಾಡಬಾರದಾ? ಆಡಬಹುದು. ಓಟದ ದಾರಿ ಬರೆದಿಡೋಕೆ ಜಿಪಿಎಕ್ಸ್, ಟಿಸಿಎಕ್ಸ್, ಫಿಟ್ ಅಂತ ಫೈಲ್ ರೂಪಗಳು ಎಷ್ಟೋ ವರ್ಷದಿಂದ ಇವೆ, ಓಟಗಾರರ ದೊಡ್ಡ ಆ್ಯಪ್‌ಗಳು ಓದ್ತಾವೆ. ತಂತ್ರಜ್ಞಾನದ ಕಷ್ಟ ಅಷ್ಟಿಲ್ಲ. ಕಷ್ಟ ವ್ಯಾಪಾರದ್ದು. ಆಪಲ್ ವಾಚ್ ಬೇಕಂದ್ರೆ ಐಫೋನೇ ಬೇಕು. 2021ರ ಗ್ಯಾಲಕ್ಸಿ ವಾಚ್ 4ರಿಂದ ಈಚೆಗೆ ಸ್ಯಾಮ್ಸಂಗ್ ವಾಚ್ ಐಫೋನಿಗೆ ಹೊಂದಲ್ಲ. ನಾಲ್ಕು ವರ್ಷದ ಲೆಕ್ಕ ಒಂದು ಕಡೆ ಇದ್ದರೆ ಐದನೇ ವರ್ಷವೂ ನೀವು ಅದೇ ಅಂಗಡಿಗೆ ಹೋಗ್ತೀರಿ. ಸಾಲದ ಪುಸ್ತಕ ಇದ್ದ ಕಡೆಗೇ ದಿನಸಿಗೆ ಹೋಗ್ತಿದ್ದರಲ್ಲ ನಮ್ಮ ಹಿರಿಯರು, ಹಾಗೆ.

2025ರ ಸೆಪ್ಟೆಂಬರ್ ಕೊನೆಯಲ್ಲಿ ಓಟಗಾರರ ಆ್ಯಪ್ ಸ್ಟ್ರಾವಾ, ವಾಚ್ ಕಂಪನಿ ಗಾರ್ಮಿನ್ ಮೇಲೆ ಅಮೆರಿಕದಲ್ಲಿ ಕೇಸ್ ಹಾಕಿತು. ಪೇಟೆಂಟ್ ಜಗಳ, ಜೊತೆಗೆ ಯಾರ ಲೋಗೊ ಎಲ್ಲಿ ಕಾಣಬೇಕು ಅನ್ನೋ ಮುನಿಸು. ಗಾರ್ಮಿನ್ ಕಟ್ಟಿಕೊಂಡು ಓಡಿ ಸ್ಟ್ರಾವಾದಲ್ಲಿ ನೋಡೋರ ಎದೆ ಹೊಡ್ಕೊಳ್ತು. ತಿಂಗಳೊಳಗೆ ಕೇಸ್ ವಾಪಸ್ ಆಯ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗೋದು ಸ್ವಲ್ಪದರಲ್ಲಿ ತಪ್ಪಿತು. ಪೆಬಲ್ ವಾಚ್ ಕೊಂಡವರಿಗೆ ಅಷ್ಟು ಅದೃಷ್ಟ ಇರಲಿಲ್ಲ. 2016ರಲ್ಲಿ ಅದನ್ನು ಫಿಟ್‌ಬಿಟ್ ಕೊಂಡುಕೊಂಡಿತು, 2018ರಲ್ಲಿ ಅದರ ಸರ್ವರ್‌ಗಳು ಬಂದ್. ಆಮೇಲೆ ಫಿಟ್‌ಬಿಟ್ಟನ್ನೇ ಗೂಗಲ್ ಕೊಂಡಿತು! ಆಗ ಯುರೋಪಿನವರು ಸುಮ್ಮನೆ ಬಿಡಲಿಲ್ಲ. 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಡುವಾಗ ಷರತ್ತು ಹಾಕಿದರು: ಯುರೋಪಿನ ಜನರ ಫಿಟ್‌ಬಿಟ್ ಆರೋಗ್ಯ ಮಾಹಿತಿಯನ್ನು ಹತ್ತು ವರ್ಷ ಜಾಹೀರಾತಿಗೆ ಬಳಸಬಾರದು, ಬಳಕೆದಾರ ಒಪ್ಪಿದರೆ ಬೇರೆ ಆ್ಯಪ್‌ಗಳಿಗೆ ಆ ಮಾಹಿತಿ ಹೋಗುವ ಬಾಗಿಲು ತೆರೆದೇ ಇರಬೇಕು. ಸರ್ಕಾರ ಗಟ್ಟಿಯಾಗಿ ಕೇಳಿದರೆ ಬಾಗಿಲು ತೆರೆಯುತ್ತೆ ಅಂತಾಯ್ತು.

ನಮ್ಮಲ್ಲಿ? 2011ರ ಜನವರಿ 20ರಂದು ದೇಶಾದ್ಯಂತ ಮೊಬೈಲ್ ನಂಬರ್ ಪೋರ್ಟಬಿಲಿಟಿ ಬಂತು. ಕಂಪನಿ ಬದಲಿಸಿ, ನಂಬರ್ ನಿಮ್ಮದೇ. ಅಲ್ಲೀವರೆಗೆ "ನಂಬರ್ ಹೋಗುತ್ತಲ್ಲ" ಅಂತ ಕೆಟ್ಟ ಸಿಗ್ನಲ್ ಸಹಿಸಿಕೊಂಡಿದ್ದೆವು. ಮಾಹಿತಿಗೂ ಇಂಥ ಹಕ್ಕು ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಇದೆ: ನನ್ನ ಮಾಹಿತಿಯನ್ನು ಯಂತ್ರ ಓದೋ ರೂಪದಲ್ಲಿ ನನಗೆ ಕೊಡಿ, ಸಾಧ್ಯವಿದ್ದರೆ ಇನ್ನೊಬ್ಬರಿಗೆ ನೇರ ಕಳಿಸಿ. ನಮ್ಮಲ್ಲೂ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ಕರಡಿನಲ್ಲಿ ಈ ಹಕ್ಕು ಇತ್ತು. 2019ರ ಮಸೂದೆಯಲ್ಲೂ ಇತ್ತು. 2023ರಲ್ಲಿ ಪಾಸಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಕಾಣೆ! ಮಾಹಿತಿಯ ಸಾರಾಂಶ ಕೇಳಬಹುದು, ತಿದ್ದಿಸಬಹುದು, ಅಳಿಸಿಸಬಹುದು. ಹೊತ್ತುಕೊಂಡು ಹೋಗುವ ಹಕ್ಕು ಮಾತ್ರ ಇಲ್ಲ. ಬೆಳೆ ನಿಮ್ಮದು, ನೋಡಬಹುದು, ಬೇಕಾದರೆ ಸುಡಿಸಲೂಬಹುದು, ಗಾಡಿಗೆ ಹೇರೋ ಹಾಗಿಲ್ಲ! ಇದನ್ನು ಸಂಸತ್ತಿನಲ್ಲಿ ಯಾರಾದರೂ ಕೇಳಬೇಕಿತ್ತು. ಕೇಳಿ ಅಂತ ನಾವು ಸ್ಟುಡಿಯೋದಲ್ಲೂ ಜೋರಾಗಿ ಕೂಗಲಿಲ್ಲ, ಒಪ್ಕೊಳ್ತೀನಿ.

ಕಾನೂನು ಹೇಳದಿದ್ದರೂ ದೊಡ್ಡ ಕಂಪನಿಗಳು ಮಾಹಿತಿ ಇಳಿಸಿಕೊಳ್ಳೋ ದಾರಿ ಇಟ್ಟಿವೆ. ಐಫೋನಿನ ಹೆಲ್ತ್ ಆ್ಯಪ್‌ನಲ್ಲಿ ನಿಮ್ಮ ಚಿತ್ರ ಒತ್ತಿದರೆ ಕೆಳಗೆ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಇದೆ. ಗೂಗಲ್‌ನಲ್ಲಿ ಟೇಕೌಟ್. ಗಾರ್ಮಿನ್, ಸ್ಟ್ರಾವಾ ಖಾತೆಯಲ್ಲೂ ಇದೆ. ಸಿಗೋ ಫೈಲ್ ಸಾಮಾನ್ಯ ಮನುಷ್ಯ ಓದೋ ಹಾಗಿರಲ್ಲ, ಪರವಾಗಿಲ್ಲ, ಇಳಿಸಿ ಇಟ್ಕೊಳಿ. ಹೊಸ ವಾಚ್ ಕಟ್ಟುವ ಮೊದಲು ಮಾಡಿ, ಆಮೇಲಲ್ಲ. ಹಳೇ ಆ್ಯಪನ್ನು ಕೂಡಲೇ ಕಿತ್ತು ಹಾಕಬೇಡಿ. ಹಳೇ ವಾಚನ್ನು ಒಂದೆರಡು ವಾರ ಹೊಸದರ ಜೊತೆಗೇ ಕಟ್ಟಿದರೆ ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತೆ, ಆಗ ಹಳೇ ಗ್ರಾಫಿಗೆ ಅರ್ಥ ಉಳಿಯುತ್ತೆ. ಕಂಡಕಂಡ ಸಿಂಕ್ ಆ್ಯಪ್‌ಗೆ ಮಾತ್ರ ಎಲ್ಲಾ ಅನುಮತಿ ಕೊಡಬೇಡಿ. 2018ರಲ್ಲಿ ಸ್ಟ್ರಾವಾದ ಓಟದ ನಕ್ಷೆ ನೋಡಿಯೇ ವಿದೇಶಗಳಲ್ಲಿರೋ ಸೇನಾ ನೆಲೆಗಳ ಗುಟ್ಟು ಹೊರಬಿದ್ದಿತ್ತು. ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಖಾಲಿ ಇರುತ್ತೆ ಅಂತ ನಿಮ್ಮ ವಾಕಿಂಗ್ ಕೂಡ ಹೇಳುತ್ತೆ.

ಮತ್ತೆ ಖಾತೆ ಯಾರ ಇ-ಮೇಲ್‌ನಲ್ಲಿದೆ ನೋಡಿ. ಅಪ್ಪ ಅಮ್ಮನ ವಾಚ್‌ಗೆ ಅವರದ್ದೇ ಇ-ಮೇಲ್, ಅವರದ್ದೇ ನಂಬರ್ ಹಾಕಿ. ನಾನು ಎಡವಿದ್ದು ಇಲ್ಲೇ. ಹಳೇ ವಾಚಿನ ಖಾತೆಯನ್ನು ನಾನು ಮೊದಲು ಕೆಲಸ ಮಾಡ್ತಿದ್ದ ಆಫೀಸಿನ ಇ-ಮೇಲ್‌ನಲ್ಲಿ ತೆರೆದಿದ್ದೆ. ಕೆಲಸ ಬಿಟ್ಟ ಮೇಲೆ ಆ ಇ-ಮೇಲ್ ಮುಚ್ಚಿಹೋಯ್ತು. ಫೋನಿನಲ್ಲಿ ಲಾಗಿನ್ ಆಗೇ ಇದ್ದಿದ್ದರಿಂದ ಗೊತ್ತಾಗಲಿಲ್ಲ. ಈಗ ಒಟಿಪಿ ಹೋಗ್ತಿರೋದು ಇಲ್ಲದ ಮನೆಯ ಬಾಗಿಲಿಗೆ. ಅಪ್ಪನ ಮೂರು ವರ್ಷ ಅಲ್ಲೇ ಇದೆ, ಯಾರೂ ಅಳಿಸಿಲ್ಲ.

ಕಂಪನಿಯ ದೂರು ವಿಭಾಗಕ್ಕೆ ಬರೆದೆ. ವಾಚಿನ ಬಿಲ್ಲು, ಸೀರಿಯಲ್ ನಂಬರ್, ಅಪ್ಪನ ಗುರುತಿನ ಚೀಟಿ ಎಲ್ಲ ಲಗತ್ತಿಸಿದೆ. ಮೂರನೇ ದಿನ ವಿನಯವಾಗಿ ಉತ್ತರ ಬಂತು: ನಿಮ್ಮ ಸುರಕ್ಷತೆಯ ದೃಷ್ಟಿಯಿಂದ, ದಯವಿಟ್ಟು ನೋಂದಾಯಿತ ಇ-ಮೇಲ್‌ನಿಂದಲೇ ಮನವಿ ಕಳಿಸಿ. ಅಪ್ಪನಿಗೆ ಓದಿ ಹೇಳಿದೆ. ಅವರು ಕೊಡೆ ತಗೊಂಡು ಚಪ್ಪಲಿ ಮೆಟ್ಟಿಕೊಂಡರು. "ಬತ್ತೀಯೇನ್ಲಾ ಏರಿ ತಾವ?" ಅಂದರು.