ಸಹಪಾಠಿಗೆ ಎರಡು ಸಾಲು

ಅಮೆರಿಕದ ಹೈಸ್ಕೂಲಿನಲ್ಲಿ ಹನ್ನೆರಡನೆಯ ತರಗತಿ ಓದುವವರನ್ನು ಸೀನಿಯರ್‌ಗಳು ಎನ್ನುತ್ತಾರೆ. ಅವರು ಶಾಲೆ ಬಿಡುವ ವರ್ಷ ಒಂದು ಪುಸ್ತಕ ಹೊರಬರುತ್ತದೆ. ಇದೇ ಇಯರ್‌ಬುಕ್. ಗಟ್ಟಿ ರಟ್ಟಿನ ಈ ಪುಸ್ತಕದಲ್ಲಿ ಆ ವರ್ಷದ ಪಂದ್ಯಗಳು, ನಾಟಕ, ಬ್ಯಾಂಡು, ಸಂಘಗಳ ಚಿತ್ರಗಳೆಲ್ಲ ಇರುತ್ತವೆ. ಆದರೆ ಅದರ ಜೀವ ಇರುವುದು ಸೀನಿಯರ್‌ಗಳ ಪುಟಗಳಲ್ಲಿ. ಹಳೆಯ ಇಯರ್‌ಬುಕ್‌ಗಳಲ್ಲಿ ಒಬ್ಬೊಬ್ಬರಿಗೂ ಒಂದು ಭಾವಚಿತ್ರ, ಗೆಳೆಯರು ಕರೆಯುವ ಹೆಸರು, ನಾಲ್ಕು ವರ್ಷಗಳಲ್ಲಿ ಆಡಿದ ಆಟ, ಸೇರಿದ ಸಂಘ. ಕೆಳಗೆ ಆ ಹುಡುಗ ಅಥವಾ ಹುಡುಗಿ ಎಂಥವರು ಎಂದು ಹೇಳುವ ಒಂದೆರಡು ಸಾಲು. ಆ ಸಾಲುಗಳನ್ನು ಬರೆಯುತ್ತಿದ್ದವರು ಮೇಷ್ಟರಲ್ಲ, ಜೊತೆಯಲ್ಲಿ ಓದಿದವರು. ಅಂಕಪಟ್ಟಿಯಲ್ಲೂ ನಡತೆಯ ಪ್ರಮಾಣಪತ್ರದಲ್ಲೂ ಸಿಗದ ಎಷ್ಟೋ ಸಂಗತಿಗಳು ಅಲ್ಲಿ ಸಿಗುತ್ತವೆ.

ಈ ಪದ್ಧತಿ ಮೊದಲು ಕಾಣಿಸಿಕೊಂಡದ್ದು ಕಾಲೇಜುಗಳಲ್ಲಿ. 1806ರಲ್ಲಿ ಯೇಲ್ ಕಾಲೇಜಿನಿಂದ ಹೊರಬಿದ್ದ ತರಗತಿಯ ಕೆಲವರ ಮುಖದ ಪಕ್ಕನೋಟಗಳನ್ನು ಕಪ್ಪು ನೆರಳುಚಿತ್ರಗಳಾಗಿ ಸೇರಿಸಿದ ಒಂದು ಪುಸ್ತಕವನ್ನು ಇಯರ್‌ಬುಕ್‌ನ ಪೂರ್ವಜ ಎಂದು ಹೇಳುವುದುಂಟು. 1839ರಲ್ಲಿ ಪ್ಯಾರಿಸ್‌ನಲ್ಲಿ ಡಾಗೇರ್‌ನ ಛಾಯಾಚಿತ್ರ ವಿಧಾನ ಪ್ರಕಟವಾಯಿತು. ಅದರಲ್ಲಿ ಒಂದು ಸಲಕ್ಕೆ ಒಂದೇ ಚಿತ್ರ, ಪ್ರತಿ ತೆಗೆಯುವಂತಿರಲಿಲ್ಲ. ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿ ತೆಗೆಯುವ ವಿಧಾನ ಬಂದ ಮೇಲೆ ಮ್ಯಾಸಚೂಸೆಟ್ಸ್‌ನ ಜಾರ್ಜ್ ಕೆಂಡಾಲ್ ವಾರನ್ ಎಂಬ ಛಾಯಾಗ್ರಾಹಕ ಕಾಲೇಜು ಹುಡುಗರ ಭಾವಚಿತ್ರ ತೆಗೆದು, ಒಬ್ಬೊಬ್ಬರದೂ ಹಲವು ಪ್ರತಿ ಮಾಡಿಕೊಡತೊಡಗಿದ. ಹುಡುಗರು ಅವನ್ನು ಪರಸ್ಪರ ಹಂಚಿಕೊಂಡು ಚರ್ಮದ ರಟ್ಟಿನ ಆಲ್ಬಮ್ ಕಟ್ಟಿಸಿಕೊಂಡರು. ಅಂಥ ಆಲ್ಬಮ್ ಉಳ್ಳವರ ಮಕ್ಕಳಿಗಷ್ಟೇ ಎಟುಕುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಫ್‌ಟೋನ್ ಬ್ಲಾಕ್ ಬಂದು, ಫೋಟೊ ಮತ್ತು ಅಕ್ಷರ ಒಂದೇ ಪುಟದಲ್ಲಿ ಕಡಿಮೆ ಖರ್ಚಿನಲ್ಲಿ ಅಚ್ಚಾಗತೊಡಗಿದಾಗ ಸಣ್ಣ ಊರಿನ ಶಾಲೆಯೂ ತನ್ನ ಪುಸ್ತಕ ಹೊರತರುವುದು ಸಾಧ್ಯವಾಯಿತು.

ಅದೇ ಹೊತ್ತಿಗೆ ಹೈಸ್ಕೂಲೂ ಊರೂರಿಗೆ ಬರುತ್ತಿತ್ತು. ಅರ್ಥಶಾಸ್ತ್ರಜ್ಞರಾದ ಕ್ಲಾಡಿಯಾ ಗೋಲ್ಡಿನ್ ಮತ್ತು ಲಾರೆನ್ಸ್ ಕ್ಯಾಟ್ಜ್ ಕೊಡುವ ಲೆಕ್ಕದ ಪ್ರಕಾರ 1910ರಲ್ಲಿ ಅಮೆರಿಕದ ಯುವಜನರಲ್ಲಿ ಹೈಸ್ಕೂಲು ಮುಗಿಸುತ್ತಿದ್ದವರು ನೂರಕ್ಕೆ ಸುಮಾರು 9 ಮಂದಿ. 1940ರ ಹೊತ್ತಿಗೆ ಅದು ಅರ್ಧಕ್ಕೆ ಏರಿತ್ತು. ಈ ಏರಿಕೆಯಲ್ಲಿ ಮುಂದಿದ್ದವು ದೊಡ್ಡ ಕೈಗಾರಿಕಾ ನಗರಗಳಲ್ಲ, ಅಯೋವಾ, ಕ್ಯಾನ್ಸಸ್, ನೆಬ್ರಾಸ್ಕದಂಥ ರಾಜ್ಯಗಳ ಪುಟ್ಟ ಊರುಗಳು. ಕಾರ್ಖಾನೆ ಇರುವಲ್ಲಿ ಹದಿನಾರರ ಹುಡುಗನನ್ನು ಕೂಲಿ ಕೈಬೀಸಿ ಕರೆಯುತ್ತಿತ್ತು. ಸಣ್ಣ ಊರಿನಲ್ಲಿ ಆ ಸೆಳೆತ ಕಡಿಮೆ. ಊರಿನವರೇ ತೆರಿಗೆ ಕೊಟ್ಟು ಶಾಲೆ ಕಟ್ಟುತ್ತಿದ್ದರು. ಆ ಶಾಲೆಯಲ್ಲಿ ಓದುವ ಮಕ್ಕಳನ್ನು ಹೆಸರು ಹಿಡಿದು ಬಲ್ಲವರಾಗಿದ್ದರು. ಹೀಗಾಗಿ ಯಾರ ಮನೆಯ ಮಗು ಹೈಸ್ಕೂಲು ಮುಗಿಸಿದರೂ ಅದು ಊರಿಗೆಲ್ಲ ಸೇರಿದ ಸುದ್ದಿ. ವಾರಪತ್ರಿಕೆ ಅವರ ಚಿತ್ರಗಳನ್ನು ಹಾಕುತ್ತಿತ್ತು. ಇಯರ್‌ಬುಕ್‌ನ ಕೊನೆಯ ಪುಟಗಳಲ್ಲಿ ಬ್ಯಾಂಕು, ಔಷಧದಂಗಡಿ, ಕಬ್ಬಿಣದ ಸಾಮಾನಿನ ಅಂಗಡಿ, ಹಾಲಿನ ಡೇರಿ ಜಾಹೀರಾತು ಕೊಟ್ಟು ಅಚ್ಚಿನ ಖರ್ಚು ಹೊರುತ್ತಿದ್ದವು. ಆ ಜಾಹೀರಾತುಗಳನ್ನಷ್ಟೇ ಓದಿದರೂ ಒಂದು ಊರಿನ ಪೇಟೆಬೀದಿ ಕಣ್ಣಿಗೆ ಕಟ್ಟುತ್ತದೆ.

ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಅಂಥದೊಂದು ಊರು. ಅಲ್ಲಿನ ಹೈಸ್ಕೂಲಿನಿಂದ 1901ರಲ್ಲಿ ಹೊರಬಿದ್ದದ್ದು ಸುಮಾರು ನಲವತ್ತು ಮಂದಿಯ ಒಂದು ತರಗತಿ. ಅದರಲ್ಲಿ ಹುಡುಗಿಯರೇ ಹೆಚ್ಚು. ಹುಡುಗರು ಓದು ಬಿಟ್ಟು ದುಡಿಮೆಗೆ ಹೋಗುತ್ತಿದ್ದ ಕಾಲ ಅದು. ಆ ವರ್ಷ ಈ ತರಗತಿಯ ಕೆಲವರು ಸೇರಿ ಶಾಲೆಯ ಮೊದಲ ವಾರ್ಷಿಕವನ್ನು ಹೊರತಂದರು. ಟೆನಿಸನ್ ಕವಿಯ ಒಂದು ಪದ್ಯದಿಂದ ಹೆಸರು ಆರಿಸಿ ಅದನ್ನು ‘ದಿ ಗ್ಲೀಮ್’ ಎಂದು ಕರೆದರು. ಸಂಪಾದಕ ಚಾರ್ಲಿ ರಾಸ್, ತರಗತಿಗೇ ಮೊದಲಿಗ. ಪುಸ್ತಕದ ಕೆಲಸಕ್ಕೆ ಕೈಹಾಕಿದ ಗೆಳೆಯರಲ್ಲಿ ದಪ್ಪ ಕನ್ನಡಕದ, ಪುಸ್ತಕದ ಹುಳುವಾದ ಹುಡುಗನೊಬ್ಬನಿದ್ದ. ಹೆಸರು ಹ್ಯಾರಿ ಟ್ರೂಮನ್. ಅದೇ ತರಗತಿಯಲ್ಲಿ ಬೆಸ್ ವಾಲೇಸ್ ಎಂಬ ಹುಡುಗಿಯೂ ಇದ್ದಳು. 1919ರಲ್ಲಿ ಆಕೆ ಟ್ರೂಮನ್‌ನ ಕೈಹಿಡಿದಳು.

ಶಾಲೆ ಬಿಟ್ಟ ಮೇಲೆ ಇಬ್ಬರು ಗೆಳೆಯರ ದಾರಿ ಬೇರೆಯಾಯಿತು. ರಾಸ್ ವಿಶ್ವವಿದ್ಯಾಲಯಕ್ಕೆ ಹೋಗಿ, ಪತ್ರಕರ್ತನಾಗಿ, 1932ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ. ಟ್ರೂಮನ್‌ನ ಮನೆಯ ಹಣಕಾಸು ಮುರಿದುಬಿದ್ದು ಕಾಲೇಜಿನ ಆಸೆ ಕೈಬಿಟ್ಟಿತು. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ, ಆಮೇಲೆ ವರ್ಷಗಟ್ಟಲೆ ಹೊಲ ನೋಡಿಕೊಂಡ. ಮುಂದೆ ರಾಜಕೀಯಕ್ಕಿಳಿದು ದೇಶದ ಉಪಾಧ್ಯಕ್ಷನಾದ. 1945ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡಾಗ ಆ ಪದವಿ ಟ್ರೂಮನ್‌ಗೆ ಬಂತು, ಮತ್ತು ಪತ್ರಿಕಾ ಕಾರ್ಯದರ್ಶಿಯಾಗಿ ಬರುವಂತೆ ಅವನು ಕರೆದದ್ದು ಚಾರ್ಲಿ ರಾಸ್‌ನನ್ನು. ಆಗ ಇಬ್ಬರೂ ಸೇರಿ ತಮ್ಮ ಹಳೆಯ ಇಂಗ್ಲಿಷ್ ಮೇಡಂ ಮಟಿಲ್ಡಾ ಬ್ರೌನ್ ಅವರಿಗೆ ಫೋನು ಮಾಡಿದ ಪ್ರಸಂಗ ಪ್ರಸಿದ್ಧವಾಗಿದೆ. ಶಾಲೆ ಬಿಡುವ ದಿನ ಮೇಡಂ ಚಾರ್ಲಿಯ ಕೆನ್ನೆಗೆ ಮುತ್ತು ಕೊಟ್ಟಿದ್ದರಂತೆ. ಉಳಿದವರಿಗೆ, ಏನಾದರೂ ಸಾಧಿಸಿ ಬನ್ನಿ, ಆಮೇಲೆ ನೋಡೋಣ ಎಂದಿದ್ದರಂತೆ. ನಲವತ್ತನಾಲ್ಕು ವರ್ಷಗಳ ನಂತರ ಅಧ್ಯಕ್ಷರು ಫೋನಿನಲ್ಲಿ ಕೇಳಿದ್ದು ಆ ಮುತ್ತಿನ ಬಾಕಿಯನ್ನು.

1950ರ ಡಿಸೆಂಬರ್ 5ರಂದು ರಾಸ್ ಶ್ವೇತಭವನದಲ್ಲಿ ತನ್ನ ಮೇಜಿನ ಬಳಿಯೇ ಕುಸಿದು ತೀರಿಕೊಂಡ. ಆಗ ಕೊರಿಯಾ ಯುದ್ಧದ ಅತಿ ಕಷ್ಟದ ದಿನಗಳು. ಆ ಸಂಜೆ ಟ್ರೂಮನ್ ಕುಳಿತು ಗೆಳೆಯನ ಬಗ್ಗೆ ಕೈಯಾರೆ ಒಂದು ನುಡಿನಮನ ಬರೆದ. ಎಳವೆಯ ಗೆಳೆಯ, ಕಷ್ಟಕಾಲದಲ್ಲಿ ಆಸರೆಯಾಗಿ ನಿಂತವನು ಎಂಬುದು ಅದರ ಮೊದಲ ಮಾತು. ವರದಿಗಾರರ ಮುಂದೆ ಅದನ್ನು ಓದಲು ನಿಂತಾಗ ದನಿ ಕಟ್ಟಿ, ಓದಲಾಗದೆ ಹಾಳೆಯನ್ನು ಕೆಳಗಿಟ್ಟ. ಸಹಪಾಠಿಯೊಬ್ಬ ಸಹಪಾಠಿಯ ಬಗ್ಗೆ ಬರೆದ ಸಾಲುಗಳಲ್ಲಿ ಇದಕ್ಕಿಂತ ಭಾರವಾದದ್ದನ್ನು ಹುಡುಕುವುದು ಕಷ್ಟ.

ಇಯರ್‌ಬುಕ್‌ನ ಸಾಲುಗಳು ಸಾಮಾನ್ಯವಾಗಿ ಇಷ್ಟು ಗಂಭೀರವಲ್ಲ. 1910 ಮತ್ತು 1920ರ ದಶಕಗಳಲ್ಲಿ ಭಾವಚಿತ್ರದ ಕೆಳಗೆ ಷೇಕ್ಸ್‌ಪಿಯರ್, ಲಾಂಗ್‌ಫೆಲೋ, ಬೈಬಲ್‌ಗಳಿಂದ ಆ ವ್ಯಕ್ತಿಗೆ ಹೊಂದುವ ಒಂದು ಸಾಲು ಹುಡುಕಿ ಹಾಕುವುದೋ, ಎರಡು ಪ್ರಾಸದ ಸಾಲು ಹೊಸೆಯುವುದೋ ರೂಢಿಯಾಗಿತ್ತು. ಜೊತೆಗೆ ಮೂರು ಬರಹಗಳು ಇರಲೇಬೇಕು. ಮೊದಲನೆಯದು ತರಗತಿಯ ಚರಿತ್ರೆ. ಎರಡನೆಯದು ತರಗತಿಯ ಭವಿಷ್ಯವಾಣಿ: ಇಪ್ಪತ್ತು ವರ್ಷಗಳ ನಂತರ ಯಾರೋ ಪ್ರಯಾಣ ಹೊರಟು ದಾರಿಯುದ್ದಕ್ಕೂ ಹಳೆಯ ಸಹಪಾಠಿಗಳನ್ನು ಒಬ್ಬೊಬ್ಬರಾಗಿ ಕಾಣುವಂತೆ ಹೆಣೆದ ಕಥೆ. ನಾಚಿಕೆಯ ಹುಡುಗಿ ಅಲ್ಲಿ ನ್ಯಾಯಾಧೀಶೆಯಾಗಿರುತ್ತಾಳೆ, ಗಣಿತದಲ್ಲಿ ಒದ್ದಾಡಿದವನು ಬ್ಯಾಂಕಿನ ಯಜಮಾನನಾಗಿರುತ್ತಾನೆ. ಮೂರನೆಯದು ತರಗತಿಯ ಉಯಿಲು. ಹೋಗುವವರು ಉಳಿಯುವವರಿಗೆ ತಮ್ಮ ಸ್ವತ್ತು ಬರೆದುಕೊಡುವುದು: ಎತ್ತರದವನು ತನ್ನ ಎತ್ತರವನ್ನು ಗಿಡ್ಡನೆಯ ಜೂನಿಯರ್‌ಗೆ, ದಿನಾ ತಡವಾಗಿ ಬರುವವಳು ತನ್ನ ನೆಪಗಳನ್ನೆಲ್ಲ ಇನ್ನೊಬ್ಬ ನಿದ್ದೆಗಣ್ಣಿಗೆ. ಇವಲ್ಲದೆ ಮತ ಹಾಕಿ ಆರಿಸುವ ಬಿರುದುಗಳೂ ಉಂಟು. ಬಾಳಿನಲ್ಲಿ ಗೆಲ್ಲುವವರು ಯಾರು, ಚೆಂದದ ನಗು ಯಾರದು, ತರಗತಿಯನ್ನು ನಗಿಸುವವರು ಯಾರು ಎಂಬಂಥವು.

ಇಂಥ ಬರಹದ ಸೊಗಸು ಸಣ್ಣತನದಲ್ಲಿದೆ. ಅಂದರೆ ತರಗತಿ ಸಣ್ಣದಾಗಿರುವುದರಲ್ಲಿ. ಮೂವತ್ತು ಮಂದಿಯ ತರಗತಿಯಲ್ಲಿ ಬರೆಯುವವರಿಗೆ ಪ್ರತಿಯೊಬ್ಬರೂ ಗೊತ್ತು. ಒಬ್ಬ ಬೆಳಗ್ಗೆ ಹಸು ಕರೆದು ಬರುತ್ತಾನೆ, ಇನ್ನೊಬ್ಬಳು ತಾಯಿಯಿಲ್ಲದ ಮನೆಯಲ್ಲಿ ತಮ್ಮಂದಿರನ್ನು ಸಾಕುತ್ತಾಳೆ, ಮತ್ತೊಬ್ಬ ಎಂದೂ ಪಂದ್ಯಕ್ಕಿಳಿಯದಿದ್ದರೂ ಎಲ್ಲ ಪಂದ್ಯಗಳಿಗೂ ತಂಡದ ಸಾಮಾನು ಹೊರುತ್ತಾನೆ. ಒಳ್ಳೆಯ ಸಂಪಾದಕ ಹುಡುಕುವುದು ಇಂಥದ್ದನ್ನೇ. ಪ್ರಶಸ್ತಿ ಪಡೆದವರ ಬಗ್ಗೆ ಬರೆಯುವುದು ಸುಲಭ. ಏನನ್ನೂ ಗೆಲ್ಲದೆ, ಯಾವ ಸಂಘಕ್ಕೂ ಸೇರದೆ, ಹಿಂದಿನ ಬೆಂಚಿನಲ್ಲಿ ಕುಳಿತು ಹೊರಟುಹೋಗುವವರಿಗೆ ನಿಜವಾದ ಒಂದು ಸಾಲು ಬರೆಯಬಲ್ಲವರ ಕೈಯಲ್ಲಿ ಈ ಪ್ರಕಾರ ಗೆಲ್ಲುತ್ತದೆ. ಅದಾಗದಿದ್ದಾಗ ‘ಒಳ್ಳೆಯವಳು, ಮಿತಭಾಷಿ’ ಎಂಬ ಮಾತು ಹತ್ತು ಚಿತ್ರಗಳ ಕೆಳಗೆ ಸಾಲಾಗಿ ಬರುತ್ತದೆ. ಕೆಲವೊಮ್ಮೆ ಸಲಿಗೆ ಗೇಲಿಯಾಗಿ, ಮೈಬಣ್ಣವನ್ನೋ ಮೈಕಟ್ಟನ್ನೋ ಆಡಿಕೊಂಡ ಮಾತು ಅಚ್ಚಾಗಿ ಉಳಿದದ್ದೂ ಇದೆ. ಅಚ್ಚಾದ ಮೇಲೆ ಅದನ್ನು ಅಳಿಸಲಾಗದು. ಹಾಗಾಗಿಯೇ ಮೇಲ್ವಿಚಾರಣೆಗೆ ಒಬ್ಬ ಶಿಕ್ಷಕರಿರುತ್ತಾರೆ.

ಈ ಪುಸ್ತಕಗಳಲ್ಲಿ ಯಾರು ಇಲ್ಲ ಎಂಬುದನ್ನೂ ನೋಡಬೇಕು. ಟ್ರೂಮನ್ ಓದಿದ ಕಾಲದ ಮಿಸೌರಿಯಲ್ಲಿ ಕಪ್ಪು ಜನರ ಮಕ್ಕಳಿಗೆ ಬೇರೆಯೇ ಶಾಲೆ ಎಂದು ಕಾನೂನೇ ಹೇಳುತ್ತಿತ್ತು. ದಕ್ಷಿಣದ ರಾಜ್ಯಗಳ ಎಷ್ಟೋ ಊರುಗಳಲ್ಲಿ ಎರಡು ಹೈಸ್ಕೂಲು, ಎರಡು ಇಯರ್‌ಬುಕ್. 1954ರಲ್ಲಿ ಸುಪ್ರೀಂ ಕೋರ್ಟು ಈ ಬೇರ್ಪಡಿಕೆ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟು, ಮುಂದಿನ ದಶಕಗಳಲ್ಲಿ ಶಾಲೆಗಳು ಒಂದಾದಾಗ ಹಲವೆಡೆ ಮುಚ್ಚಿದ್ದು ಕಪ್ಪು ಮಕ್ಕಳ ಹೈಸ್ಕೂಲುಗಳೇ. ಅವುಗಳ ಟ್ರೋಫಿ, ದಾಖಲೆಗಳು ಚೆಲ್ಲಾಪಿಲ್ಲಿಯಾದ ಊರುಗಳಲ್ಲಿ, ಯಾರದೋ ಮನೆಯಲ್ಲಿ ಉಳಿದ ಹಳೆಯ ಇಯರ್‌ಬುಕ್ಕೇ ಆ ಶಾಲೆಯ ಚರಿತ್ರೆಗೆ ಆಧಾರ.

ಇನ್ನೊಂದು ಪುಸ್ತಕದ ಹುಟ್ಟು ಮುಳ್ಳುತಂತಿಯ ಒಳಗೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ 1942ರಿಂದ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಕಳಿಸಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯ ಮ್ಯಾನ್‌ಜನಾರ್ ಶಿಬಿರದಲ್ಲಿ ಒಂದು ಹಂತದಲ್ಲಿ ಹತ್ತು ಸಾವಿರದಷ್ಟು ಜನ ಇದ್ದರು, ಒಂದು ಸಣ್ಣ ಪಟ್ಟಣದಷ್ಟು. ಅಲ್ಲಿ ಹೈಸ್ಕೂಲು ಶುರುವಾದಾಗ ಕುರ್ಚಿಗಳಿಲ್ಲದೆ ಮಕ್ಕಳು ನೆಲದ ಮೇಲೆ ಕುಳಿತರು. ಆ ಮಕ್ಕಳೇ 1944ರಲ್ಲಿ ‘ಅವರ್ ವರ್ಲ್ಡ್’ ಎಂಬ ಇಯರ್‌ಬುಕ್ ಹೊರತಂದರು. ಕ್ಯಾಮೆರಾ ನಿಷೇಧವಿದ್ದ ಶಿಬಿರಕ್ಕೆ ಲೆನ್ಸ್ ಒಂದನ್ನು ಬಚ್ಚಿಟ್ಟು ತಂದು, ಬಡಗಿಯೊಬ್ಬನಿಂದ ಮರದ ಪೆಟ್ಟಿಗೆ ಮಾಡಿಸಿ ಚಿತ್ರ ತೆಗೆದ ಟೋಯೋ ಮಿಯಾತಾಕೆ, ನಂತರ ಅಧಿಕಾರಿಗಳ ಒಪ್ಪಿಗೆಯಿಂದಲೇ ಶಿಬಿರದ ಛಾಯಾಗ್ರಾಹಕನಾಗಿ ಈ ಪುಸ್ತಕಕ್ಕೂ ಚಿತ್ರ ಕೊಟ್ಟ. ಸೀನಿಯರ್‌ಗಳ ಭಾವಚಿತ್ರ, ನಾಟಕ, ಸಂಘಗಳು: ದೇಶದ ಬೇರೆ ಯಾವುದೇ ಶಾಲೆಯ ಪುಸ್ತಕದಲ್ಲಿ ಇರುವುದೆಲ್ಲ ಅದರಲ್ಲೂ ಇದೆ. ತಾವೂ ಬೇರೆಲ್ಲರಂತೆ ಶಾಲೆ ಮುಗಿಸಿದವರು ಎಂಬ ಮಾತನ್ನು ಹದಿನೇಳು ಹದಿನೆಂಟರ ಮಕ್ಕಳು ಇದಕ್ಕಿಂತ ಬಲವಾಗಿ ಹೇಳಲಾಗುತ್ತಿರಲಿಲ್ಲ.

ಯುದ್ಧದ ನೆರಳು ಬೇರೆ ಊರುಗಳ ಪುಸ್ತಕಗಳ ಮೇಲೂ ಬಿದ್ದಿದೆ. ಭವಿಷ್ಯವಾಣಿ ಬರೆಸಿಕೊಂಡ ಹುಡುಗರಲ್ಲಿ ಎಷ್ಟೋ ಮಂದಿ ಆ ಭವಿಷ್ಯ ಕಾಣಲಿಲ್ಲ. ಥಾರ್ನ್‌ಟನ್ ವೈಲ್ಡರ್‌ನ 1938ರ ‘ಅವರ್ ಟೌನ್’ ನಾಟಕದಲ್ಲಿ ಪತ್ರಿಕೆ ಹಂಚುವ ಹುಡುಗನೊಬ್ಬ ಬಂದುಹೋಗುತ್ತಾನೆ. ಅವನು ಊರಿನ ಹೈಸ್ಕೂಲಿಗೇ ಮೊದಲಿಗನಾಗಿ, ಎಂಜಿನಿಯರಿಂಗ್ ಓದಿ, ಫ್ರಾನ್ಸಿನ ಯುದ್ಧದಲ್ಲಿ ಸಾಯಲಿದ್ದಾನೆ ಎಂದು ಸೂತ್ರಧಾರ ಅಲ್ಲೇ ಹೇಳಿಬಿಡುತ್ತಾನೆ. ಸಣ್ಣ ಊರುಗಳಿಗೆ ಅದು ಕಟ್ಟುಕಥೆ ಅನಿಸಿರಲಾರದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಯರ್‌ಬುಕ್ ಒಂದು ಉದ್ಯಮವಾಯಿತು. ಮಿನೆಸೋಟದ ಒವಟೋನಾದಲ್ಲಿ 1897ರಲ್ಲಿ ಆಭರಣ ಮತ್ತು ಗಡಿಯಾರ ರಿಪೇರಿಯ ಅಂಗಡಿಯಾಗಿ ಶುರುವಾದ ಜಾಸ್ಟೆನ್ಸ್, ಶಾಲೆಗಳಿಗೆ ಉಂಗುರ ಮಾಡಿ ಬೆಳೆದು, ಇಯರ್‌ಬುಕ್ ಅಚ್ಚಿನಲ್ಲೂ ದೊಡ್ಡ ಹೆಸರಾಯಿತು. ಬಣ್ಣ ಬಂತು, ಪುಟ ಹೆಚ್ಚಿತು, ಶಾಲೆಗಳೂ ದೊಡ್ಡವಾದವು. ಐನೂರು ಮಂದಿಯ ತರಗತಿಯಲ್ಲಿ ಎಲ್ಲರ ಬಗ್ಗೆ ಬರೆಯಲು ಎಲ್ಲರನ್ನೂ ಬಲ್ಲವರು ಯಾರು? ಸಹಪಾಠಿಗಳು ಬರೆಯುತ್ತಿದ್ದ ಸಾಲು ಕ್ರಮೇಣ ಹೋಗಿ, ಪ್ರತಿಯೊಬ್ಬರೂ ತಮಗೆ ತಾವೇ ಆರಿಸಿಕೊಂಡ ಹಾಡಿನ ಸಾಲೋ ಹೇಳಿಕೆಯೋ ಆ ಜಾಗಕ್ಕೆ ಬಂತು. ಇದರಲ್ಲಿ ನಷ್ಟವಿದೆ. ನಾನು ಹೀಗೆ ಎಂದು ಹೇಳಿಕೊಳ್ಳುವುದಕ್ಕೂ, ನಮ್ಮವನು ಹೀಗೆ ಎಂದು ಜೊತೆಗಾರರು ಹೇಳುವುದಕ್ಕೂ ಬಹಳ ಅಂತರ. ತಂದೆತಾಯಿ ಹಣ ಕೊಟ್ಟು ಮಗುವಿನ ಎಳವೆಯ ಚಿತ್ರದೊಡನೆ ಹಾಕಿಸುವ ಹಾರೈಕೆಯ ಪುಟಗಳೂ ಈಗ ಸಾಮಾನ್ಯ. ಅಲ್ಲಿಯೂ ಪ್ರೀತಿ ಇದೆ, ಆದರೆ ಅದು ಮನೆಯವರ ಪ್ರೀತಿ.

ಕರ್ನಾಟಕದ ಊರುಗಳಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲು ನಡೆಯುವ ಬೀಳ್ಕೊಡುಗೆ, ಮೇಷ್ಟರನ್ನು ನಡುವೆ ಕೂರಿಸಿ ತೆಗೆಸುವ ಗ್ರೂಪ್ ಫೋಟೊ, ಕೈಯಿಂದ ಕೈಗೆ ಓಡಾಡುವ ಬಣ್ಣಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕ ಇದೇ ಭಾವದವು. ರಚನೆ ಮಾತ್ರ ಬೇರೆ. ಆಟೋಗ್ರಾಫ್ ಒಬ್ಬರ ಸ್ವತ್ತು. ಯಾರಿಂದ ಬರೆಸಬೇಕೆಂಬುದು ಅವರ ಆಯ್ಕೆ. ಹುಡುಗರ ಸಾಲಿನವರು ಹುಡುಗಿಯರ ಸಾಲಿನವರಿಗೆ ಬರೆಯದೇ ಉಳಿದ ಪುಟಗಳು ಎಷ್ಟೋ. ಯಾರೂ ಪುಸ್ತಕ ಚಾಚದ ಹುಡುಗನ ಹೆಸರು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಇಡೀ ತರಗತಿ ಒಂದೇ ಪುಸ್ತಕದಲ್ಲಿ, ಯಾರನ್ನೂ ಬಿಡದೆ ಬರುವ ಏರ್ಪಾಡು ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಬೇರೂರಲಿಲ್ಲ. ಈಗ ಮೊಬೈಲಿನಲ್ಲೇ ಪುಟ ಜೋಡಿಸಿ ಪೇಟೆಯ ಪ್ರಿಂಟರ್‌ನಲ್ಲಿ ಅಚ್ಚು ಹಾಕಿಸಬಹುದಾದ್ದರಿಂದ ಮೂವತ್ತು ಮಕ್ಕಳ ಹಳ್ಳಿ ಶಾಲೆಗೂ ಇದು ದೊಡ್ಡ ಖರ್ಚಿನ ಮಾತಲ್ಲ.

ಅಮೆರಿಕದ ಪುಟ್ಟ ಊರುಗಳಲ್ಲಿ ಹಳೆಯ ರೂಢಿ ಪೂರ್ತಿ ಅಳಿದಿಲ್ಲ. ಹತ್ತು ಹನ್ನೆರಡು ಮಂದಿ ಸೀನಿಯರ್‌ಗಳಿರುವ ಶಾಲೆಗಳು ಇಂದಿಗೂ ಇವೆ. 2020ರಲ್ಲಿ ಕೋವಿಡ್‌ನಿಂದ ಪದವಿ ಸಮಾರಂಭಗಳು ನಿಂತಾಗ ಅನೇಕ ಊರುಗಳು ಸೀನಿಯರ್‌ಗಳ ದೊಡ್ಡ ಭಾವಚಿತ್ರಗಳನ್ನು ಮುಖ್ಯಬೀದಿಯ ದೀಪದ ಕಂಬಗಳಿಗೆ ತೂಗುಹಾಕಿದವು. ಕೆಲವೆಡೆ ಅದು ಪ್ರತಿ ವರ್ಷದ ಪದ್ಧತಿಯಾಗಿ ನಿಂತಿದೆ. ಹಳೆಯ ಇಯರ್‌ಬುಕ್‌ಗಳನ್ನು ಊರಿನ ಗ್ರಂಥಾಲಯಗಳು ಸ್ಕ್ಯಾನ್ ಮಾಡಿ ಇಡುತ್ತಿವೆ. ವಂಶಾವಳಿ ಹುಡುಕುವವರು, ಊರಿನ ಚರಿತ್ರೆ ಬರೆಯುವವರು, ಅಜ್ಜಿಯ ಹದಿನೇಳರ ಮುಖ ನೋಡಬೇಕೆನ್ನುವ ಮೊಮ್ಮಕ್ಕಳು ಅವನ್ನು ತೆರೆಯುತ್ತಾರೆ. ಐವತ್ತು ವರ್ಷಗಳ ನಂತರ ತರಗತಿ ಮತ್ತೆ ಕೂಡಿದಾಗ ಎದೆಗೆ ಸಿಕ್ಕಿಸಿಕೊಳ್ಳುವ ಹೆಸರಿನ ಚೀಟಿಯ ಮೇಲೆ ಅಚ್ಚಾಗಿರುವುದೂ ಸಾಮಾನ್ಯವಾಗಿ ಅದೇ ಇಯರ್‌ಬುಕ್‌ನ ಚಿತ್ರ.