ಪ್ರಶ್ನೆಗೆ ಮಣೆಹಾಕಿದ ಗುರು

ಮಕ್ಕಳಿಗೆ ಪಾಠ ಹೇಳುವವರು ಹಲವರು. ಅವರ ಪ್ರಶ್ನೆಗೆ ಕಿವಿಗೊಡುವವರು ವಿರಳ. ನಮ್ಮ ಬಾಲ್ಯದಲ್ಲಿ ಹಿರಿಯರ ಮಾತಿನ ನಡುವೆ ‘ಏಕೆ?’ ಎಂದವನಿಗೆ ‘ಅಧಿಕಪ್ರಸಂಗಿ’ ಎಂಬ ಬಿರುದು ತಪ್ಪುತ್ತಿರಲಿಲ್ಲ. ಅಂತಹ ಕಾಲದಲ್ಲಿ ದೂರದರ್ಶನದ ಮೂಲಕ ನಮ್ಮ ನಡುಮನೆಗೆ ಬಂದು, ಮಕ್ಕಳ ‘ಏಕೆ’ಗೆ ಮಣೆಹಾಕಿದವರು ಪ್ರೊಫೆಸರ್ ಯಶಪಾಲರು.

1990ರ ದಶಕದ ಆದಿಭಾಗದಲ್ಲಿ ಪ್ರಸಾರವಾಗುತ್ತಿದ್ದ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮವನ್ನು ವಾಚಕರಲ್ಲಿ ಅನೇಕರು ಮರೆತಿರಲಾರರು. ಕೆಲಕಾಲ ಅದನ್ನು ನಡೆಸಿಕೊಟ್ಟವರು ನಮ್ಮ ಗಿರೀಶ ಕಾರ್ನಾಡರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿಯಷ್ಟೆ. ವೀಕ್ಷಕರು ಬರೆದು ಕೇಳಿದ ಪ್ರಶ್ನೆಗಳಿಗೆ ಯಶಪಾಲರು ಉತ್ತರ ಹೇಳುತ್ತಿದ್ದರು. ನರೆತ ಕೂದಲು, ಮುಗುಳುನಗೆ, ಅವಸರವಿಲ್ಲದ ಮಾತು. ಆ ಮಾತು ನಮಗೆ ಅರ್ಧವೇ ತಿಳಿಯುತ್ತಿತ್ತು. ಒಳ್ಳೆಯ ಪ್ರಶ್ನೆಯನ್ನು ಕಂಡು ಅವರ ಮುಖದಲ್ಲಿ ಮೂಡುತ್ತಿದ್ದ ಸಂತೋಷವು ಮಾತ್ರ ಪೂರ್ತಿಯಾಗಿ ತಿಳಿಯುತ್ತಿತ್ತು.

1926ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ಝಂಗ್‌ನಲ್ಲಿ ಜನಿಸಿದ ಇವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸಿದ ವಿದ್ವಾಂಸರು. 1973ರಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಪ್ರಥಮ ನಿರ್ದೇಶಕರಾದರು. 1975–76ರಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ದೂರದರ್ಶನವನ್ನು ಮುಟ್ಟಿಸಿದ ‘ಸೈಟ್’ ಪ್ರಯೋಗದ ಮುಂದಾಳುಗಳಲ್ಲಿ ಇವರೂ ಒಬ್ಬರು. ಕರ್ನಾಟಕದ ಗ್ರಾಮಗಳೂ ಅದರಲ್ಲಿ ಸೇರಿದ್ದವು.

1995ರ ಅಕ್ಟೋಬರ್ 24ರ ಬೆಳಿಗ್ಗೆ ಉತ್ತರಭಾರತದಲ್ಲಿ ಖಗ್ರಾಸ ಸೂರ್ಯಗ್ರಹಣ, ನಮ್ಮಲ್ಲಿ ಖಂಡಗ್ರಹಣ. ಮನೆಯ ಕದ ಮುಚ್ಚಿ, ನೀರಿನ ಮೇಲೆ ದರ್ಭೆಯಿಟ್ಟು, ನಮ್ಮನ್ನೆಲ್ಲ ಒಳಗೆ ಕೂರಿಸಿದ್ದರು. ಆದರೆ ದೂರದರ್ಶನಕ್ಕೆ ಕದವಿಲ್ಲವಷ್ಟೆ! ಅದರಲ್ಲಿ ಯಶಪಾಲರು ಗ್ರಹಣವನ್ನು ಹಬ್ಬವೆಂಬಂತೆ ವಿವರಿಸುತ್ತಿದ್ದರು. ಸೂರ್ಯನು ಚಂದ್ರನಿಗಿಂತ ಸುಮಾರು 400 ಪಾಲು ದೊಡ್ಡವನು, ಸುಮಾರು ಅಷ್ಟೇ ಪಾಲು ದೂರದವನು; ಆದುದರಿಂದಲೇ ಚಿಕ್ಕ ಚಂದ್ರನು ದೊಡ್ಡ ಸೂರ್ಯನನ್ನು ಮುಚ್ಚಬಲ್ಲನು. ಜಪಮಾಲೆ ಹಿಡಿದಿದ್ದ ನಮ್ಮ ಅಜ್ಜಿಯವರು ಪರದೆಯನ್ನೇ ನೋಡುತ್ತ, ‘ಹಾಗಾದರೆ ಇದು ಬರಿಯ ನೆರಳೇನೋ?’ ಎಂದರು. ಮನೆಯಲ್ಲಿ ಅಂದು ಹಿರಿಯರೊಬ್ಬರು ಕಿರಿಯರನ್ನು ಪ್ರಶ್ನೆ ಕೇಳಿದರು. ಅಜ್ಜಿಯವರು ಗ್ರಹಣಸ್ನಾನವನ್ನೇನೂ ಬಿಡಲಿಲ್ಲ; ನಮ್ಮನ್ನು ಅಧಿಕಪ್ರಸಂಗಿಗಳೆನ್ನುವುದನ್ನು ಬಿಟ್ಟರು.

1993ರಲ್ಲಿ ಯಶಪಾಲರ ಸಮಿತಿಯು ಶಾಲಾಮಕ್ಕಳ ಹೊರೆಯನ್ನು ಕುರಿತು ವರದಿಯೊಪ್ಪಿಸಿತು. ಚೀಲದ ಭಾರಕ್ಕಿಂತ, ಅರ್ಥವಾಗದುದನ್ನು ಕಂಠಪಾಠ ಮಾಡುವ ಭಾರವೇ ಹೆಚ್ಚಿನದೆಂಬುದು ಅದರ ತಾತ್ಪರ್ಯ. 2013ರಲ್ಲಿ ಪದ್ಮವಿಭೂಷಣರಾದ ಅವರು 2017ರ ಜುಲೈ 24ರಂದು ದಿವಂಗತರಾದರು.

ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಊಟದ ಹೊತ್ತಿನಲ್ಲಿ ಮಗುವು ‘ಏಕೆ?’ ಎಂದರೆ ಗದರಿಸಬೇಡಿರಿ. ಉತ್ತರ ತಿಳಿಯದಿದ್ದರೆ ‘ತಿಳಿಯದು, ಬಾ ನೋಡೋಣ’ ಎನ್ನಿರಿ. ಅದರಿಂದ ಹಿರಿತನಕ್ಕೆ ಕುಂದಿಲ್ಲ. ಮಗುವಿನ ಪಾಲಿಗೆ ಅದೇ ವಿದ್ಯಾರಂಭ.